ಚಕ್ರಕ್ಕೆ ಗಾಳಿ ತುಂಬಿದ ಪಶುವೈದ್ಯ

ಮಂಗಳೂರಿನ ಕಾವೂರು ಮಾರ್ಗವಾಗಿ ಬಜ್ಪೆ ವಿಮಾನ ನಿಲ್ದಾಣದತ್ತ ಧಾವಿಸುವ ಕಾರುಗಳು ಗಾಳಿಯ ಮೇಲೆ ಓಡುತ್ತಿವೆ ಎಂಬುದು ಇಂದು ಯಾರಿಗೂ ವಿಸ್ಮಯವಲ್ಲ. ಆ ಗಾಳಿಯನ್ನು ಜನಬಳಕೆಗೆ ತಂದ ಜಾನ್ ಬಾಯ್ಡ್ ಡನ್‌ಲಪ್ ಎಂಜಿನಿಯರರಲ್ಲ, ಪಶುವೈದ್ಯರು.

1840ರ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗಾರ್ನ್‌ನ ಕೃಷಿಕ ಕುಟುಂಬದಲ್ಲಿ ಜನಿಸಿದ ಡನ್‌ಲಪ್, ಎಡಿನ್‌ಬರೋದಲ್ಲಿ ವ್ಯಾಸಂಗ ಮಾಡಿ 1867ರಲ್ಲಿ ಐರ್ಲೆಂಡಿಗೆ ತೆರಳಿದರು. ಮುಂದೆ ಬೆಲ್‌ಫಾಸ್ಟ್‌ನಲ್ಲಿ ಅವರ ಚಿಕಿತ್ಸಾಲಯ ಹೆಸರು ಗಳಿಸಿತು.

ಅವರ ಪುತ್ರ ಕಲ್ಲುಹಾಸಿನ ಬೀದಿಗಳಲ್ಲಿ ಮೂರು ಗಾಲಿಯ ಸೈಕಲ್ ತುಳಿಯುತ್ತಿದ್ದ. ಗಟ್ಟಿ ರಬ್ಬರಿನ ಚಕ್ರಗಳ ಕುಲುಕಾಟ ತಪ್ಪಿಸಲು 1887ರಲ್ಲಿ ತಂದೆ ಒಂದು ಉಪಾಯ ಹೂಡಿದರು. ತೆಳು ರಬ್ಬರ್ ಹಾಳೆಯಿಂದ ಕೊಳವೆ ಮಾಡಿ, ಮರದ ಬಿಲ್ಲೆಯ ಅಂಚಿಗೆ ಸುತ್ತಿ, ಬಟ್ಟೆ ಹೊದಿಸಿ, ಫುಟ್‌ಬಾಲ್‌ಗೆ ಬಳಸುವ ಪಂಪಿನಿಂದ ಗಾಳಿ ತುಂಬಿದರು. ಬಳಿಕ ಅಂಗಳದಲ್ಲಿ ಸೈಕಲ್ಲಿನ ಚಕ್ರವನ್ನೂ ಈ ಬಿಲ್ಲೆಯನ್ನೂ ಉರುಳಿಸಿ ನೋಡಿದರು. ಚಕ್ರ ನಡುದಾರಿಯಲ್ಲೇ ಬಿತ್ತು. ಬಿಲ್ಲೆ ಮಾತ್ರ ಅಂಗಳದ ಕೊನೆಯವರೆಗೂ ಉರುಳಿ, ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

1888ರಲ್ಲಿ ಪೇಟೆಂಟ್ ದೊರೆಯಿತು. ಮರುವರ್ಷದ ಮೇ ತಿಂಗಳಲ್ಲಿ ಬೆಲ್‌ಫಾಸ್ಟ್‌ನ ಪಂದ್ಯಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಈ ದಪ್ಪ ಟೈರುಗಳಿಂದಲೇ ಗೆದ್ದ. ಡಬ್ಲಿನ್‌ನ ಹಾರ್ವೆ ಡು ಕ್ರಾಸ್ ಬಂಡವಾಳದೊಂದಿಗೆ ಮುಂದೆ ಬಂದರು, ಕಂಪನಿ ಸ್ಥಾಪನೆಯಾಯಿತು.

ಆದರೆ ಎರಡೇ ವರ್ಷಗಳಲ್ಲಿ ಪೇಟೆಂಟ್ ಅಸಿಂಧುವೆಂದಾಯಿತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ 1845ರಲ್ಲೇ ಗಾಳಿಚಕ್ರದ ಹಕ್ಕು ಪಡೆದಿದ್ದರು. ಲಂಡನ್ನಿನಲ್ಲಿ ಅದನ್ನು ಕುದುರೆಗಾಡಿಗೆ ಜೋಡಿಸಿ ಓಡಿಸಿಯೂ ಇದ್ದರು. ಆಗ ಸೈಕಲ್ಲುಗಳಿರಲಿಲ್ಲ, ಜನ ಮರೆತರು. ಡನ್‌ಲಪ್‌ರನ್ನು ಮೊದಲಿಗರೆನ್ನಲಾಗದು, ಅನುಕರಿಸಿದವರೆನ್ನುವುದೂ ನ್ಯಾಯವಲ್ಲ. ಕಂಪನಿ ಉಳಿದುಕೊಂಡದ್ದು ಇತರರ ಪೇಟೆಂಟುಗಳ ಬಲದಿಂದ. 1895ರಲ್ಲಿ ಡನ್‌ಲಪ್ ಅದರಿಂದ ಹೊರಬಂದರು. ಮರುವರ್ಷ ಕಂಪನಿ ಮೂವತ್ತು ಲಕ್ಷ ಪೌಂಡುಗಳಿಗೆ ಮಾರಾಟವಾದರೂ ದೊಡ್ಡ ಐಶ್ವರ್ಯ ಅವರ ಪಾಲಿಗೆ ಬರಲಿಲ್ಲ. 1921ರ ಅಕ್ಟೋಬರ್ 23ರಂದು ಡಬ್ಲಿನ್‌ನಲ್ಲಿ ನಿಧನರಾದರು. ಅವರ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಸಾಹಗಂಜ್‌ನಲ್ಲಿ ಕಾರ್ಖಾನೆ ತೆರೆದದ್ದನ್ನು ಅವರು ಕಾಣಲಿಲ್ಲ.

ಡನ್‌ಲಪ್ ಚಕ್ರದೊಳಗೆ ಬಂಧಿಸಿದ ಗಾಳಿ ಉಷ್ಣತೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಹಿಮದ ನಾಡುಗಳಲ್ಲಿ ಚಳಿಗಾಲದ ಟೈರುಗಳೇ ಬೇರೆ. ನಮ್ಮ ಕರಾವಳಿಗೆ ಅವು ಬೇಡ. ಆದರೂ ಡಿಸೆಂಬರಿನ ಮುಂಜಾವಿಗೂ ಮಧ್ಯಾಹ್ನಕ್ಕೂ ಇಲ್ಲಿ ಸುಮಾರು ಹತ್ತು ಡಿಗ್ರಿಗಳ ಅಂತರವಿದ್ದು, ಚದರ ಅಂಗುಲಕ್ಕೆ 32 ಪೌಂಡ್ ಒತ್ತಡವಿರುವ ಕಾರಿನ ಟೈರಿನಲ್ಲಿ ಇದರಿಂದಲೇ ಒಂದೂವರೆ ಪೌಂಡ್ ವ್ಯತ್ಯಾಸವಾಗುತ್ತದೆ. ಓಟದ ಬಿಸಿ ಬೇರೆ. ಮಧ್ಯಾಹ್ನ ದೂರ ಓಡಿಸಿ ಬಂದು, ಮಾಪಕದಲ್ಲಿ ಹೆಚ್ಚು ತೋರಿತೆಂದು ಗಾಳಿ ಬಿಡಿಸಿದವರ ಟೈರು ಮರುದಿನ ಬೆಳಿಗ್ಗೆ ಸೊರಗಿರುತ್ತದೆ. ಹಾಗೆಯೇ ಹೆದ್ದಾರಿಗಿಳಿದರೆ ಟೈರಿನ ಪಕ್ಕೆಗಳು ಅತಿಯಾಗಿ ಬಾಗಿ, ಕಾದು, ಸಿಡಿಯುವ ಅಪಾಯವಿದೆ. ಒತ್ತಡವನ್ನು ಅಳೆಯಬೇಕಾದದ್ದು ವಾಹನ ಕೆಲವು ಗಂಟೆ ನಿಂತು ಟೈರು ತಣ್ಣಗಾದ ಮೇಲೆ. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆ ಗರಿಷ್ಠ ಮಿತಿಯಷ್ಟೆ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನೂ ಆಗಲೇ ನೋಡಿಬಿಡುವುದು ಲೇಸು.