ತೀ.ನಂ.ಶ್ರೀ. ಮತ್ತು ಸಹೃದಯನ ಮನಸ್ಸು

ಮನುಷ್ಯನ ನಡವಳಿಕೆಯನ್ನೂ ಅದರ ಹಿಂದಿನ ಮನೋವ್ಯಾಪಾರವನ್ನೂ ಕುರಿತ ವ್ಯವಸ್ಥಿತ ಚಿಂತನೆ ಇಪ್ಪತ್ತನೆಯ ಶತಮಾನದ ಮೈಸೂರಿನಲ್ಲಿ ಬೆಳೆದ ಎರಡು ದಾರಿಗಳನ್ನು ಗುರುತಿಸಬಹುದು. ಮೊದಲನೆಯದು ಪ್ರಯೋಗಶಾಲೆಯ ದಾರಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅಧ್ಯಯನ ಮಾಡಿ ಬಂದ ಎಂ.ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿ, ಬುದ್ಧಿಮಾಪನದ ಪರೀಕ್ಷೆಗಳನ್ನು ಇಲ್ಲಿಯ ಜನರಿಗೆ ಹೊಂದಿಸುವ ಕೆಲಸಕ್ಕೆ ತೊಡಗಿದರು. ಎರಡನೆಯದು ಕಾವ್ಯಮೀಮಾಂಸೆಯ ದಾರಿ. ಶೋಕದ ಕಥೆ ಓದಿದವನಿಗೆ ಆನಂದವೇಕೆ, ಕಲ್ಪಿತ ಪಾತ್ರಕ್ಕೆ ನಿಜವಾದ ಕಣ್ಣೀರೇಕೆ, ಒಂದೇ ಪದ್ಯ ಒಬ್ಬನನ್ನು ಅಲುಗಿಸಿ ಮತ್ತೊಬ್ಬನನ್ನು ತಣ್ಣಗೆ ಬಿಡುವುದೇಕೆ ಎಂಬ ಹಳೆಯ ಪ್ರಶ್ನೆಗಳನ್ನು ಹೊಸಗನ್ನಡದಲ್ಲಿ ಮತ್ತೆ ಜೀವಂತಗೊಳಿಸಿದವರಲ್ಲಿ ತೀ.ನಂ. ಶ್ರೀಕಂಠಯ್ಯನವರು ಪ್ರಮುಖರು. ಈ ಎರಡು ದಾರಿಗಳೂ ಒಂದೇ ಕಾಲದಲ್ಲಿ ಒಂದೇ ವಿಶ್ವವಿದ್ಯಾನಿಲಯದಲ್ಲಿದ್ದವೆಂಬುದು ತೀ.ನಂ.ಶ್ರೀ.ಯವರ ಬದುಕನ್ನು ನೋಡುವಾಗ ನೆನಪಿನಲ್ಲಿಡಬೇಕಾದ ಸಂಗತಿ.

ತೀ.ನಂ.ಶ್ರೀ. ೧೯೦೬ರ ನವೆಂಬರ್ ೨೬ರಂದು ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಜನಿಸಿದರು. ಹೆಸರಿನ ಮೊದಲಕ್ಷರ ಆ ಊರಿನದು, ಎರಡನೆಯದು ತಂದೆ ನಂಜುಂಡಯ್ಯನವರದು. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ಈ ತೆಂಗಿನ ಸೀಮೆ ಹೊಸಗನ್ನಡ ಸಾಹಿತ್ಯಕ್ಕೆ ಇಬ್ಬರು ಶ್ರೀಕಂಠಯ್ಯನವರನ್ನು ಕೊಟ್ಟಿದೆ. ಹಿರಿಯರಾದ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ೧೮೮೪ರಲ್ಲಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಚಿಕ್ಕನಾಯಕನಹಳ್ಳಿ, ತುಮಕೂರುಗಳಲ್ಲಿ ಓದಿ ಮೈಸೂರಿನ ಮಹಾರಾಜ ಕಾಲೇಜನ್ನು ಸೇರಿದ ಕಿರಿಯ ಶ್ರೀಕಂಠಯ್ಯನವರಿಗೆ ಅಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀ. ಗುರುಗಳಾಗಿ ದೊರೆತರು. ತೀ.ನಂ.ಶ್ರೀ. ಬಿ.ಎ. ಮುಗಿಸಿದ ೧೯೨೬ರಲ್ಲಿಯೇ ‘ಇಂಗ್ಲಿಷ್ ಗೀತಗಳು’ ಪ್ರಕಟವಾಯಿತು.

ಆ ಕಾಲದ ಮಹಾರಾಜ ಕಾಲೇಜಿನ ವಾತಾವರಣವನ್ನು ಬಿಟ್ಟು ಅವರ ಮುಂದಿನ ಕೆಲಸವನ್ನು ಅರ್ಥಮಾಡಿಕೊಳ್ಳಲಾಗದು. ಸಂಸ್ಕೃತ ವಿಭಾಗದಲ್ಲಿ ಎಂ. ಹಿರಿಯಣ್ಣನವರಿದ್ದರು. ಭಾರತೀಯ ಸೌಂದರ್ಯಶಾಸ್ತ್ರವನ್ನು ಕುರಿತು ೧೯೧೯ರ ಪುಣೆಯ ಪ್ರಾಚ್ಯ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದ್ದ ಅವರು ರಸವನ್ನು ದರ್ಶನಗಳ ಬೆಳಕಿನಲ್ಲಿ ವಿವೇಚಿಸಬಲ್ಲವರಾಗಿದ್ದರು. ಕನ್ನಡದಲ್ಲಿ ಟಿ.ಎಸ್. ವೆಂಕಣ್ಣಯ್ಯನವರೂ ಎ.ಆರ್. ಕೃಷ್ಣಶಾಸ್ತ್ರಿಗಳೂ ಇದ್ದರು. ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲಿಯೂ ಎಂ.ಎ. ಪದವಿ ಪಡೆದ ತೀ.ನಂ.ಶ್ರೀ.ಯವರಿಗೆ ಎರಡು ವಿಮರ್ಶಾ ಪರಂಪರೆಗಳೂ ಮೂಲದಿಂದಲೇ ತಿಳಿದಿದ್ದವು. ಒಂದನ್ನು ಹಿಡಿದು ಇನ್ನೊಂದನ್ನು ಹೊಡೆಯುವ ಅಗತ್ಯ ಅವರಿಗೆ ಬರಲಿಲ್ಲ.

ಅವರ ಸಾಹಿತ್ಯಕೃತಿಗಳು ಸಂಖ್ಯೆಯಲ್ಲಿ ಹೆಚ್ಚಲ್ಲ. ಪ್ರೇಮಗೀತಗಳ ಸಂಕಲನ ‘ಒಲುಮೆ’, ಪ್ರಬಂಧಗಳ ‘ನಂಟರು’, ಮುದ್ರಾರಾಕ್ಷಸದ ಕನ್ನಡ ರೂಪವಾದ ‘ರಾಕ್ಷಸನ ಮುದ್ರಿಕೆ’, ವಿಮರ್ಶಾ ಲೇಖನಗಳ ‘ಕಾವ್ಯಸಮೀಕ್ಷೆ’ ಮತ್ತು ‘ಸಮಾಲೋಕನ’, ಶಾಲಾಕಾಲೇಜುಗಳಲ್ಲಿ ಮನೆಮಾತಾದ ‘ಕನ್ನಡ ಮಧ್ಯಮ ವ್ಯಾಕರಣ’ ಇವು ಮುಖ್ಯವಾದವು. ೧೯೩೦ರ ದಶಕದಲ್ಲಿಯೇ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಕಲ್ಪನೆಯ ಸ್ಥಾನವನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದಿದ್ದರು. ಕಲ್ಪನೆಯೆಂದರೆ ಕವಿಯ ಮನಸ್ಸಿನ ವ್ಯಾಪಾರ. ಅಲ್ಲಿಂದ ಓದುಗನ ಮನಸ್ಸಿನ ವ್ಯಾಪಾರಕ್ಕೆ ಅವರ ಗಮನ ವಿಸ್ತರಿಸಿದುದರ ಫಲ ೧೯೫೩ರ ‘ಭಾರತೀಯ ಕಾವ್ಯಮೀಮಾಂಸೆ’.

ಈ ಗ್ರಂಥ ಬರುವ ವೇಳೆಗೆ ಕನ್ನಡ ತರಗತಿಗಳಲ್ಲಿ ರಸವಿಚಾರವೆಂಬುದು ಬಹುಮಟ್ಟಿಗೆ ಒಂದು ಪಟ್ಟಿಯಾಗಿ ಉಳಿದಿತ್ತು. ಎಂಟು ಅಥವಾ ಒಂಬತ್ತು ರಸಗಳು, ಅಷ್ಟೇ ಸ್ಥಾಯಿಭಾವಗಳು, ಮೂವತ್ತಮೂರು ವ್ಯಭಿಚಾರಿಭಾವಗಳು. ಪರೀಕ್ಷೆಗೆ ಇಷ್ಟು ಸಾಕಾಗುತ್ತಿತ್ತು. ತೀ.ನಂ.ಶ್ರೀ. ಈ ಪಟ್ಟಿಯನ್ನು ಬಿಡಿಸಿ, ಅದರ ಹಿಂದಿದ್ದ ವಾದವಿವಾದವನ್ನು ಮುಂದಿಟ್ಟರು. ಆಗ ತಿಳಿದುಬಂದದ್ದೆಂದರೆ, ಆಲಂಕಾರಿಕರು ಚರ್ಚಿಸುತ್ತಿದ್ದುದು ಕಾವ್ಯದ ಲಕ್ಷಣವನ್ನು ಮಾತ್ರವಲ್ಲ, ಪ್ರೇಕ್ಷಕನ ವರ್ತನೆಯನ್ನು ಕೂಡ. ಭರತನು ರಸವನ್ನು ಊಟದ ರುಚಿಗೆ ಹೋಲಿಸಿ ವಿವರಿಸಿರುವುದು ಪ್ರಸಿದ್ಧವೇ ಆಗಿದೆ. ಹಲವು ವ್ಯಂಜನಗಳು ಕೂಡಿದ ಅಡುಗೆಯನ್ನು ಪ್ರಸನ್ನಮನಸ್ಕರಾದವರು ಸವಿಯುವಂತೆ ಭಾವಗಳಿಂದ ಕೂಡಿದ ಸ್ಥಾಯಿಯನ್ನು ಪ್ರೇಕ್ಷಕರು ಸವಿಯುತ್ತಾರೆಂಬುದು ಅವನ ಆಶಯ. ರುಚಿಯೆಂಬ ಒಂದೇ ಶಬ್ದ ನಾಲಿಗೆಗೂ ಆಯ್ಕೆಗೂ ಸಲ್ಲುವುದು ಇಂದಿನ ಕನ್ನಡದಲ್ಲಿಯೂ ಉಂಟು. ಅಭಿರುಚಿಯೆಂಬ ಮಾತು ಬಂದಿರುವುದು ಅಲ್ಲಿಂದಲೇ.

ಭರತನ ಸೂತ್ರದ ಮೇಲೆ ನಡೆದ ನಾಲ್ಕು ವ್ಯಾಖ್ಯಾನಗಳ ಚರ್ಚೆ ಈ ದೃಷ್ಟಿಯಿಂದ ಬಹಳ ಮಹತ್ವದ್ದು. ಭಟ್ಟಲೋಲ್ಲಟನಿಗೆ ರಸವಿರುವುದು ಮುಖ್ಯವಾಗಿ ರಾಮಾದಿಗಳಲ್ಲಿ. ಶಂಕುಕನು ಅದನ್ನು ಪ್ರೇಕ್ಷಕನ ಕಡೆಗೆ ತಿರುಗಿಸಿ, ನಟನು ತೋರುವ ಚಿಹ್ನೆಗಳಿಂದ ಪ್ರೇಕ್ಷಕನು ಭಾವವನ್ನು ಊಹಿಸಿಕೊಳ್ಳುತ್ತಾನೆಂದ. ಚಿತ್ರದ ಕುದುರೆಯನ್ನು ಕುದುರೆಯೆಂದೇ ಗ್ರಹಿಸುವ ವಿಲಕ್ಷಣ ಅರಿವನ್ನು ನಿದರ್ಶನವಾಗಿ ಕೊಟ್ಟ. ಇದಕ್ಕೆ ಬಂದ ಆಕ್ಷೇಪವೆಂದರೆ, ಊಹೆಯಿಂದ ತಿಳಿವಳಿಕೆ ಬಂದೀತೇ ಹೊರತು ಸವಿ ಬಾರದು. ತೀರ್ಥಪುರದ ಸೀಮೆಯವರಿಗೆ ಈ ಆಕ್ಷೇಪ ಸುಲಭವಾಗಿ ಹೊಳೆಯಬೇಕು. ಅಲ್ಲಿ ಕಾಯನ್ನು ಸುಮಾರು ಒಂದು ವರ್ಷ ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. ಅಲುಗಿಸಿದಾಗ ಒಳಗೆ ಸದ್ದಾದರೆ ಗಿಟುಕು ಕರಟ ಬಿಟ್ಟಿದೆಯೆಂದು ಗೊತ್ತಾಗುತ್ತದೆ. ಆದರೆ ಕೊಬ್ಬರಿಯ ರುಚಿ ಆ ಸದ್ದಿನಿಂದ ನಾಲಿಗೆಗೆ ಬರುವುದಿಲ್ಲ. ಅನುಮಾನಕ್ಕೂ ಆಸ್ವಾದಕ್ಕೂ ಇರುವ ಈ ಅಂತರವನ್ನು ತುಂಬಲೆಂದೇ ಭಟ್ಟನಾಯಕನು ಸಾಧಾರಣೀಕರಣವನ್ನು ತಂದ. ಭಾವವು ಇಂಥವನದೆಂಬ ಗುರುತನ್ನು ಕಳಚಿಕೊಂಡಾಗ, ತನ್ನ ದುಃಖವಾಗಿ ಕಾಡದೆ, ಪರರ ದುಃಖವಾಗಿ ದೂರವೂ ಉಳಿಯದೆ, ಸವಿಯಲು ಸಿಗುತ್ತದೆ. ಅಭಿನವಗುಪ್ತನು ಇದನ್ನು ಒಪ್ಪಿ, ಪ್ರೇಕ್ಷಕನಲ್ಲಿ ಮೊದಲೇ ವಾಸನಾರೂಪದಿಂದ ಇರುವ ಸ್ಥಾಯಿಯೇ ಅಭಿವ್ಯಕ್ತವಾಗುತ್ತದೆಂದು ಸೇರಿಸಿದ.

ಅಭಿನವಗುಪ್ತನು ಎಣಿಸಿರುವ ರಸವಿಘ್ನಗಳಂತೂ ಗಮನದ ಮನಶ್ಶಾಸ್ತ್ರವೆಂದೇ ಹೇಳಬಹುದಾದಷ್ಟು ಸೂಕ್ಷ್ಮವಾಗಿವೆ. ಕಂಡದ್ದು ಸಂಭವವೆಂದು ನಂಬಲಾಗದಿರುವುದು, ಅದನ್ನು ತನ್ನದೇ ಅಥವಾ ಮತ್ತೊಬ್ಬನದೇ ಎಂದು ದೇಶಕಾಲಗಳಿಗೆ ಕಟ್ಟಿಹಾಕುವುದು, ಸ್ವಂತ ಸುಖದುಃಖಗಳಿಗೆ ವಶವಾಗಿರುವುದು, ಪ್ರತೀತಿಯ ಸಾಧನಗಳು ಕುಂದಿರುವುದು, ಸ್ಪಷ್ಟತೆಯಿಲ್ಲದಿರುವುದು, ಪ್ರಧಾನವಾದದ್ದು ಯಾವುದೆಂದು ನಿಲ್ಲದಿರುವುದು, ಸಂಶಯ: ಹೀಗೆ ಏಳು. ಮನೆಯ ಚಿಂತೆಯನ್ನು ಹೊತ್ತು ನಾಟಕಕ್ಕೆ ಬಂದವನ ಸ್ಥಿತಿಯನ್ನು ಬಲ್ಲವನು ಮಾತ್ರ ಮೂರನೆಯ ವಿಘ್ನವನ್ನು ಗುರುತಿಸಬಲ್ಲ. ಅದಕ್ಕೆ ಪರಿಹಾರವಾಗಿ ಗೀತವಾದ್ಯಗಳನ್ನು ಹೇಳಿರುವುದು ಪ್ರಯೋಗದ ಅನುಭವದಿಂದ ಬಂದ ಮಾತು.

ಇಂಥ ವಸ್ತುವನ್ನು ಕನ್ನಡಕ್ಕೆ ತರುವಾಗ ಎರಡು ಅಪಾಯಗಳಿದ್ದವು. ಇದು ಹಳೆಯ ಶಾಸ್ತ್ರ, ಇಂದಿಗೆ ನಿರುಪಯೋಗಿ ಎಂದು ಬಿಡುವುದು ಒಂದು. ಆಧುನಿಕ ಮನಶ್ಶಾಸ್ತ್ರವೆಲ್ಲ ಪೂರ್ವಿಕರಲ್ಲಿಯೇ ಇತ್ತೆಂದು ಬೀಗುವುದು ಇನ್ನೊಂದು. ತೀ.ನಂ.ಶ್ರೀ.ಯವರ ಗದ್ಯ ಎರಡರಿಂದಲೂ ದೂರ ಉಳಿಯಿತು. ಪ್ರತಿಯೊಬ್ಬ ಆಲಂಕಾರಿಕನ ವಾದವನ್ನು ಅವನ ಪರವಾಗಿ ಪೂರ್ತಿ ಹೇಳಿ, ಅನಂತರವೇ ಅದರ ಕೊರತೆಯನ್ನು ತೋರಿಸುವ ಅವರ ಕ್ರಮದಲ್ಲಿ ನ್ಯಾಯಪರತೆಯಿದೆ. ಸಂಸ್ಕೃತ ಬಾರದ ಕನ್ನಡ ವಿದ್ಯಾರ್ಥಿಯು ಆನಂದವರ್ಧನನೊಡನೆ ವಾದಕ್ಕಿಳಿಯಲು ಧೈರ್ಯ ಪಡೆದದ್ದು ಈ ಗದ್ಯದಿಂದ.

ಆದರೂ ಒಂದು ಮಿತಿಯನ್ನು ಹೇಳಲೇಬೇಕು. ಗ್ರಂಥದ ಸಹೃದಯನು ಆದರ್ಶ ಓದುಗ. ಕಾವ್ಯಾಭ್ಯಾಸದಿಂದ ಮನಸ್ಸನ್ನು ಕನ್ನಡಿಯಾಗಿಸಿಕೊಂಡವನು. ವಯಸ್ಸು, ಜಾತಿ, ಲಿಂಗ, ಕಸುಬುಗಳಿಂದ ಭಿನ್ನರಾದ ನಿಜ ಓದುಗರು ಒಂದೇ ಪದ್ಯಕ್ಕೆ ಹೇಗೆ ಸ್ಪಂದಿಸುತ್ತಾರೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ ಕವಿಯ ಹೆಸರನ್ನು ಮರೆಮಾಡಿ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬರೆದುಕೊಟ್ಟ ಪ್ರತಿಕ್ರಿಯೆಗಳನ್ನು ೧೯೨೯ರಲ್ಲಿ ವಿಶ್ಲೇಷಿಸಿ ಪ್ರಕಟಿಸಿದ್ದರು. ಓದುವವರು ಎಡವುವ ಬಗೆಗಳನ್ನು ಅವರು ಗುರುತಿಸಿದ್ದಕ್ಕೂ ಅಭಿನವಗುಪ್ತನ ವಿಘ್ನಗಳಿಗೂ ಹೋಲಿಕೆಯಿದೆ. ಗೋಪಾಲಸ್ವಾಮಿಯವರ ವಿಭಾಗವೂ ಕನ್ನಡ ವಿಭಾಗವೂ ಒಂದೇ ವಿಶ್ವವಿದ್ಯಾನಿಲಯದಲ್ಲಿದ್ದರೂ ಕನ್ನಡದ ರಸಮೀಮಾಂಸೆ ಪ್ರಯೋಗದ ಆ ದಾರಿಗೆ ಹೊರಳಲಿಲ್ಲ.

ಜನರ ನಿಜವಾದ ವರ್ತನೆಯನ್ನು ಗಮನಿಸುವ ಕೆಲಸವನ್ನು ತೀ.ನಂ.ಶ್ರೀ. ಮಾಡಿದ್ದು ಭಾಷೆಯ ವಿಷಯದಲ್ಲಿ. ಕನ್ನಡ ಆಡುಮಾತಿನ ಚಕಾರ ಜಕಾರಗಳ ಉಚ್ಚಾರಣೆಯನ್ನು ಕುರಿತ ಅವರ ಇಂಗ್ಲಿಷ್ ಪ್ರಬಂಧದ ಆಕರ ಬರಹವಲ್ಲ, ಮಾತು. ಪದಗಳ ಆಯ್ಕೆಯಲ್ಲಿಯೂ ಅವರಿಗೆ ಈ ಕಿವಿಯಿತ್ತು. ಸಂವಿಧಾನದ ಪರಿಭಾಷೆಯನ್ನು ರೂಪಿಸುವಾಗ ರಾಷ್ಟ್ರಾಧ್ಯಕ್ಷರಿಗೆ ರಾಷ್ಟ್ರಪತಿಯೆಂಬ ಪದವನ್ನು ಸೂಚಿಸಿದವರು ಅವರೆಂದು ಕನ್ನಡ ವಿದ್ವದ್ವಲಯ ನೆನೆಯುತ್ತದೆ. ಸ್ವಾತಂತ್ರ್ಯಪೂರ್ವದಲ್ಲಿ ಕಾಂಗ್ರೆಸ್ ಅಧ್ಯಕ್ಷರನ್ನು ಹಾಗೆ ಕರೆಯುತ್ತಿದ್ದುದರಿಂದ ಪದ ಹೊಸದಾಗಿರಲಿಲ್ಲ. ಜನರ ಬಾಯಲ್ಲಿ ಆಗಲೇ ಗೌರವದಿಂದ ಆಡುತ್ತಿದ್ದ ಪದವನ್ನು ಹೊಸ ಸ್ಥಾನಕ್ಕೆ ಒಪ್ಪಿಸಿದ್ದು, ಹೊಸ ಪದವನ್ನು ಟಂಕಿಸುವುದಕ್ಕಿಂತ ಹೆಚ್ಚು ವಿವೇಕದ ಕೆಲಸ.

ಧಾರವಾಡದಲ್ಲಿಯೂ ಮೈಸೂರಿನಲ್ಲಿಯೂ ಪಾಠ ಹೇಳಿದ ಅವರ ಪ್ರಭಾವ ಶಿಷ್ಯರ ಮೂಲಕ ಹರಡಿತು. ಎಂ. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನವನ್ನು ಕೈಗೊಂಡದ್ದು ಅವರ ಮಾರ್ಗದರ್ಶನದಲ್ಲಿ. ೧೯೬೬ರಲ್ಲಿ, ಅರವತ್ತು ತುಂಬುವ ಮೊದಲೇ, ತೀ.ನಂ.ಶ್ರೀ. ನಿಧನರಾದರು. ‘ಶ್ರೀಕಂಠತೀರ್ಥ’ ಎಂಬ ಗ್ರಂಥವನ್ನು ಅವರ ನೆನಪಿಗೆ ಅರ್ಪಿಸಲಾಯಿತು. ಅದರ ಹೆಸರಿನಲ್ಲಿ ಅವರ ಹುಟ್ಟೂರೂ ಸೇರಿಕೊಂಡಿದೆ.