ವಾರಕ್ಕೊಂದು ಗುಣ: ಬೆಂಜಮಿನ್ ಫ್ರಾಂಕ್ಲಿನ್

ಬೆಂಜಮಿನ್ ಫ್ರಾಂಕ್ಲಿನ್ ಎಂದರೆ ನಮಗೆಲ್ಲ ನೆನಪಾಗುವುದು ವಿಜ್ಞಾನ ಪಾಠದ ಮಿಂಚು ಮತ್ತು ಗಾಳಿಪಟ. ಆದರೆ ತಮ್ಮನ್ನು ತಾವು ತಿದ್ದಿಕೊಳ್ಳಲು ಅವರು ನಡೆಸಿದ ಪ್ರಯೋಗವೂ ಅಷ್ಟೇ ದೊಡ್ಡದು.

1706ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ, ಮೇಣದಬತ್ತಿ ಮತ್ತು ಸಾಬೂನು ತಯಾರಿಸುವವರ ಮನೆಯಲ್ಲಿ ಹುಟ್ಟಿದ ಅವರಿಗೆ ಸಿಕ್ಕಿದ್ದು ಸುಮಾರು ಎರಡು ವರ್ಷಗಳ ಶಾಲೆ ಮಾತ್ರ. 12ನೇ ವಯಸ್ಸಿಗೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದರು. 17ಕ್ಕೆ ಮನೆ ಬಿಟ್ಟು ಫಿಲಡೆಲ್ಫಿಯಾ ಸೇರಿದರು. 1728ರಲ್ಲಿ ಪಾಲುದಾರರೊಬ್ಬರ ಜೊತೆ ಸ್ವಂತ ಮುದ್ರಣಾಲಯ ತೆರೆದರು.

ಒಳ್ಳೆಯವನಾಗಬೇಕೆಂಬ ಆಸೆಯೊಂದೇ ಸಾಲದು, ಗಮನ ತಪ್ಪಿದೊಡನೆ ಹಳೆಯ ಅಭ್ಯಾಸ ಮತ್ತೆ ನುಸುಳುತ್ತದೆ ಎಂಬುದು ಅವರ ಅನುಭವಕ್ಕೆ ಬಂತು. ಅದಕ್ಕೇ ಮಿತಾಹಾರ, ಮಿತಭಾಷೆ, ಅಚ್ಚುಕಟ್ಟುತನ, ಮಿತವ್ಯಯ, ದುಡಿಮೆ ಮೊದಲಾದ 12 ಗುಣಗಳ ಪಟ್ಟಿ ಮಾಡಿದರು. ನಿಮಗೆ ಅಹಂಕಾರ ಹೆಚ್ಚು ಎಂದು ಗೆಳೆಯರೊಬ್ಬರು ತಿಳಿಸಿದಾಗ ವಿನಯವನ್ನು 13ನೆಯದಾಗಿ ಸೇರಿಸಿದರು.

ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗದೆ ವಾರಕ್ಕೊಂದು ಗುಣಕ್ಕೆ ವಿಶೇಷ ಗಮನ ಕೊಟ್ಟರು. ಚಿಕ್ಕ ಪುಸ್ತಕದಲ್ಲಿ ಗೆರೆ ಎಳೆದು, ಆಯಾ ದಿನದ ತಪ್ಪಿಗೆ ಕಪ್ಪು ಚುಕ್ಕೆ ಇಡುತ್ತಿದ್ದರು. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ 4 ಸುತ್ತು. ಅಳಿಸಿ ಅಳಿಸಿ ಕಾಗದ ತೂತಾದಾಗ, ಒದ್ದೆ ಸ್ಪಂಜಿನಿಂದ ಒರೆಸಬಹುದಾದ ದಂತದ ಹಾಳೆಗಳಿಗೆ ಬದಲಾಯಿಸಿಕೊಂಡರು. ದೋಷಗಳನ್ನು ಬರೆದಿಟ್ಟು ಒಂದೊಂದಾಗಿ ಸರಿಪಡಿಸುವ ನಮ್ಮ ಸಾಫ್ಟ್‌ವೇರ್ ಕೆಲಸದ ರೀತಿಯೂ ಇದೇ.

ಎಲ್ಲದರಲ್ಲೂ ಅವರು ಗೆಲ್ಲಲಿಲ್ಲ. ವಸ್ತುಗಳನ್ನು ಅಚ್ಚುಕಟ್ಟಾಗಿ ಇಡುವುದು ಕೊನೆಯವರೆಗೂ ಕೈಗೂಡಲಿಲ್ಲ. ಆದರೆ ಖಂಡಿತ, ನಿಸ್ಸಂದೇಹ ಎಂಬ ಪದಗಳನ್ನು ಬಿಟ್ಟು, ನನಗೆ ಹೀಗೆ ತೋರುತ್ತದೆ ಎಂದು ಮಾತನಾಡುವುದನ್ನು ರೂಢಿಸಿಕೊಂಡರು. ಜಗಳ ಕಡಿಮೆಯಾಯಿತು. ಉತ್ತಮ ಭಾಷಣಕಾರರಲ್ಲದಿದ್ದರೂ ಸಭೆಗಳಲ್ಲಿ ಅವರ ಮಾತಿಗೆ ಬೆಲೆ ಬಂತು. 1731ರಲ್ಲಿ ಗೆಳೆಯರನ್ನು ಕೂಡಿಸಿ ಚಂದಾ ಗ್ರಂಥಾಲಯವನ್ನೂ, 1736ರಲ್ಲಿ ಬೆಂಕಿ ನಂದಿಸುವ ಸ್ವಯಂಸೇವಕರ ದಳವನ್ನೂ ಕಟ್ಟಿದರು.

ಆ ಪುಸ್ತಕದ ಪಟ್ಟಿಗೆ ಸಿಗದ ದೊಡ್ಡ ತಪ್ಪೊಂದಿತ್ತು. ನ್ಯಾಯ ಎಂಬ ಗುಣವನ್ನು ಬರೆದುಕೊಂಡಿದ್ದ ಅವರು ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರು. ಅದನ್ನು ತಪ್ಪೆಂದು ಕಾಣಲು ದಶಕಗಳೇ ಹಿಡಿದವು. 1787ರಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾದರು. 1790ರ ಫೆಬ್ರವರಿಯಲ್ಲಿ ಗುಲಾಮಗಿರಿಯ ವಿರುದ್ಧ ಅಮೆರಿಕದ ಸಂಸತ್ತಿಗೆ ಮನವಿ ಸಲ್ಲಿಸಿ, ಏಪ್ರಿಲ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 84 ವರ್ಷ.

ನಮ್ಮ ಶಾಲೆಯ ಮಕ್ಕಳಿಗೆ ಇದರಲ್ಲಿ ಎರಡು ಪಾಠಗಳಿವೆ. ಬದಲಾಗಲು ಒಂದು ನೋಟ್‌ಬುಕ್ ಮತ್ತು ದಿನಾ ರಾತ್ರಿ ಐದು ನಿಮಿಷ ಸಾಕು. ಆದರೆ ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ಆಗಾಗ ಗೆಳೆಯರನ್ನು ಕೇಳಬೇಕು. ಅವರು ಹೇಳಿದ್ದನ್ನು ಕೋಪವಿಲ್ಲದೆ ಬರೆದುಕೊಳ್ಳಬೇಕು.