ಗಣಿತದಲ್ಲಿ ಬ್ಯಾಕ್, ರೇಸಿನಲ್ಲಿ ಫಸ್ಟ್

ಎಂಜಿನಿಯರಿಂಗ್ ಅಂದ್ರೆ ಏನಾದರೂ ಸೇರಿಸೋದು ಅಂತ ನಾವು ಅಂದುಕೊಂಡಿದ್ದೇವೆ. ಪ್ರಾಜೆಕ್ಟ್ ಓಡದಿದ್ದರೆ ಇನ್ನೊಂದು ಸೆನ್ಸರ್, ಅಲುಗಾಡಿದರೆ ಇನ್ನೊಂದು ಬೋಲ್ಟ್. ಕಾಲಿನ್ ಚಾಪ್‌ಮನ್ ಜೀವನಪೂರ್ತಿ ಇದರ ಉಲ್ಟಾ ಮಾಡಿದ. ಕಾರಿನಿಂದ ಒಂದೊಂದೇ ತೆಗೆಯುತ್ತಾ ಹೋದ.

ಅವನು ಹುಟ್ಟಿದ್ದು 1928ರಲ್ಲಿ, ಇಂಗ್ಲೆಂಡಿನಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದುತ್ತಲೇ ಗೆಳೆಯನ ಜೊತೆ ಸೆಕೆಂಡ್ ಹ್ಯಾಂಡ್ ಕಾರು ಮಾರುತ್ತಿದ್ದ. 1947ರಲ್ಲಿ ಸರ್ಕಾರ ಜನಸಾಮಾನ್ಯರ ಪೆಟ್ರೋಲ್ ರೇಷನ್ ನಿಲ್ಲಿಸಿತು, ವ್ಯಾಪಾರ ನೆಲಕಚ್ಚಿತು. ಮಾರಾಟವಾಗದೆ ಒಂದು ಹಳೇ ಆಸ್ಟಿನ್ ಸೆವೆನ್ ಉಳಿಯಿತು. ಗೆಳತಿ ಹೇಜಲ್ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಅದನ್ನೇ ಬಿಚ್ಚಿ, ಪ್ಲೈವುಡ್ ಬಾಡಿ ಕಟ್ಟಿ, ಸ್ಪರ್ಧೆಗೆ ಹೋಗುವ ಕಾರು ಮಾಡಿದ. ಇತ್ತ ಫೈನಲ್ ಪರೀಕ್ಷೆಯ ಗಣಿತದಲ್ಲಿ ಫೇಲ್. ನಮ್ಮ ಭಾಷೆಯಲ್ಲಿ, ಬ್ಯಾಕ್! ಮತ್ತೆ ಬರೆದು 1949ರಲ್ಲಿ ಡಿಗ್ರಿ ಪಡೆದ. 1952ರಲ್ಲಿ ಹೇಜಲ್ ಸಾಲ ಕೊಟ್ಟ 25 ಪೌಂಡ್‌ನಿಂದ ಲೋಟಸ್ ಕಂಪನಿ ಶುರುವಾಯಿತು. ಎರಡು ವರ್ಷ ಬಿಟ್ಟು ಇಬ್ಬರೂ ಮದುವೆಯಾದರು.

1957ರ ಲಂಡನ್ ಮೋಟಾರ್ ಶೋನಲ್ಲಿ ಲೋಟಸ್ ಎಲೀಟ್ ಬಂತು. ಎರಡೇ ಸೀಟಿನ ಪುಟ್ಟ ಕೂಪೆ. ಬೇರೆ ಕಾರುಗಳ ಅಡಿಯಲ್ಲಿ ಇರುವಂಥ ಚಾಸಿಸ್ ಇದಕ್ಕಿಲ್ಲ. ಫೈಬರ್‌ಗ್ಲಾಸ್ ಬಾಡಿಯೇ ಇಡೀ ಭಾರ ಹೊರುತ್ತದೆ. ಅದರ 1216 ಸಿಸಿ ಎಂಜಿನ್‌ನ ಮೂಲ, ಬೆಂಕಿ ಆರಿಸುವ ಪಂಪ್‌ಗೆ ಅಂತ ಮಾಡಿದ್ದ ಹಗುರ ಎಂಜಿನ್. ತೂಕ ಹೆಚ್ಚುಕಮ್ಮಿ ನಮ್ಮ ಮನೆಗಳ ಹಳೇ ಮಾರುತಿ 800ರಷ್ಟೇ, ಪವರ್ ಮಾತ್ರ ಅದರ ಎರಡರಷ್ಟು. ನಾಲ್ಕು ಗೇರ್, ಎಲ್ಲ ಕೈಯಲ್ಲೇ ಹಾಕಬೇಕು. ತಿರುವು ಬಂದಾಗ ಹಿಡಿದೆಳೆಯುವ ಭಾರವೇ ಇಲ್ಲದ್ದರಿಂದ, ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೂ ಕಾರು ಮಾತು ಕೇಳುತ್ತಿತ್ತು. ಲ ಮಾನ್‌ನ 24 ಗಂಟೆ ರೇಸಿನಲ್ಲಿ ಎಲೀಟ್ ಆರು ಸಲ ತನ್ನ ಕ್ಲಾಸ್ ಗೆದ್ದಿತು.

ಆದರೆ ಕೊಂಡವರು ಸಹಿಸಿಕೊಳ್ಳೋದೂ ಇತ್ತು. ಡಿಫರೆನ್ಷಿಯಲ್ ನೇರವಾಗಿ ಬಾಡಿಗೇ ಕೂತಿದ್ದರಿಂದ ಅದರ ಸದ್ದೆಲ್ಲ ಒಳಗೆ. ಕಿಟಕಿ ಗಾಜು ಕೆಳಗಿಳಿಯುವುದಿಲ್ಲ. ಗಾಳಿ ಬೇಕಾದರೆ ಬಿಚ್ಚಿ ಎತ್ತಿಡಬೇಕು. ಕಂಪನಿಗೋ, ಮಾರಿದಷ್ಟೂ ನಷ್ಟ. ಸುಮಾರು ಸಾವಿರ ಕಾರು ಮಾಡಿ 1963ರಲ್ಲಿ ನಿಲ್ಲಿಸಿದರು.

ಅದೇ ಲೆಕ್ಕ ಫಾರ್ಮುಲಾ ಒನ್‌ಗೂ ಹೋಯಿತು. 1962ರ ಲೋಟಸ್ 25ರಲ್ಲಿ ಪೈಪ್ ಫ್ರೇಮ್ ಬಿಟ್ಟು ತಗಡಿನ ಮೊನೊಕಾಕ್ ತಂದ. ಮರುವರ್ಷ ಜಿಮ್ ಕ್ಲಾರ್ಕ್ ಚಾಂಪಿಯನ್. ಇಷ್ಟೇ ಆಗಿದ್ದರೆ ಚಾಪ್‌ಮನ್ ನಮಗೆ ಬರೀ ಹೀರೋ. 1969ರಲ್ಲಿ ಅವನ ಡ್ರೈವರ್ ಯೋಹೆನ್ ರಿಂಟ್, ರೆಕ್ಕೆ ಮುರಿದು ಆದ ಅಪಘಾತದಿಂದ ಬದುಕಿ ಬಂದ. ಆಮೇಲೆ ಚಾಪ್‌ಮನ್‌ಗೆ ಪತ್ರ ಬರೆದ: ಕಾರು ಹೇಗೂ ವೇಗವಾಗಿದೆ, ಸ್ವಲ್ಪ ತೂಕ ಹೆಚ್ಚಾದರೂ ಪರವಾಗಿಲ್ಲ, ದುರ್ಬಲ ಭಾಗಗಳನ್ನು ಗಟ್ಟಿ ಮಾಡು ಅಂತ. 1970ರ ಸೆಪ್ಟೆಂಬರ್‌ನಲ್ಲಿ, ಮೊನ್ಜಾದ ಅಭ್ಯಾಸದಲ್ಲಿ, ಅವನ ಲೋಟಸ್ 72ರ ಬ್ರೇಕ್ ಶಾಫ್ಟ್ ಮುರಿಯಿತು. ರಿಂಟ್ ತೀರಿಕೊಂಡ. ಆ ವರ್ಷದ ಚಾಂಪಿಯನ್ ಪಟ್ಟ ಅವನಿಗೇ ಬಂತು, ತೆಗೆದುಕೊಳ್ಳಲು ಅವನಿರಲಿಲ್ಲ.

ಚಾಪ್‌ಮನ್ 1982ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ಹೋದಾಗ ವಯಸ್ಸು 54. ಹಗುರವಾದ, ಗೇರ್ ಹಾಕಿ ಓಡಿಸುವ ಪುಟ್ಟ ಕಾರಿನ ಖುಷಿ ಏನು ಅಂತ ತೋರಿಸಿಕೊಟ್ಟವರಲ್ಲಿ ಅವನಿಗೆ ದೊಡ್ಡ ಜಾಗ ಇದೆ. ಆ ಪತ್ರವೂ ಅವನ ಕಥೆಯಲ್ಲೇ ಇದೆ.

ನಮ್ಮ ಗೋ-ಕಾರ್ಟ್ ತಂಡದಲ್ಲಿ ಈಗ ಫ್ರೇಮಿನಿಂದ ಎರಡು ಪೈಪ್ ತೆಗೆಯೋಣ್ವಾ ಅಂತ ಜಗಳ ನಡೀತಿದೆ. ತೆಗೆದರೂ ತೆಗೀಬಹುದು. ಆದರೆ ಓಡಿಸೋನನ್ನು ಕೂರಿಸಿಕೊಂಡು, ಅವನ ಎದುರೇ ಲೆಕ್ಕ ಹಾಕಿ ಆಮೇಲೆ ತೆಗೀತೇವೆ.